ಸಿಂಫನಿಯ ಹಿಂದಿನ ಸಾಲು: ಹಿತ್ತಾಳೆ ವಾದ್ಯಗಳ ಸೋಲೋ ಕೇಳುವುದಕ್ಕೊಂದು ದಾರಿ

ಸಿಂಫನಿ, ಅಂದರೆ ಪಾಶ್ಚಾತ್ಯ ವಾದ್ಯಮೇಳಕ್ಕೆ (ಆರ್ಕೆಸ್ಟ್ರಾಗೆ) ಬರೆದ ಹಲವು ಭಾಗಗಳ ದೊಡ್ಡ ರಚನೆ, ಕೇಳಬೇಕೆಂದು ಆಸೆಪಟ್ಟು ರಚನೆಕಾರ ಮಾಲರ್‌ನ ಯಾವುದೋ ಒಂದನ್ನು ಹಾಕಿ, ಇಪ್ಪತ್ತು ನಿಮಿಷಕ್ಕೆ ಕೈಬಿಟ್ಟವರು ನನಗೆ ಗೊತ್ತಿರುವವರಲ್ಲೇ ಬೇಕಾದಷ್ಟು ಜನ. ದೂರು ಹೆಚ್ಚುಕಮ್ಮಿ ಒಂದೇ. ಪಿಟೀಲು ಗೊತ್ತಾಗುತ್ತದೆ, ಕೊಳಲು ಗೊತ್ತಾಗುತ್ತದೆ, ಆಮೇಲೆ ಹಿಂದಿನಿಂದ ಒಮ್ಮೆಲೇ ಅಬ್ಬರ ಶುರುವಾಗಿ ಎಲ್ಲ ಕಲಸಿಹೋಗುತ್ತದೆ. ಆ ಅಬ್ಬರದವರು ಹಿಂದಿನ ಸಾಲಿನ ಹಿತ್ತಾಳೆ ವಾದ್ಯಗಳವರು: ಹಾರ್ನ್, ಟ್ರಂಪೆಟ್, ಟ್ರಾಂಬೋನ್, ಟ್ಯೂಬಾ. ನಾನು ಹೇಳುವುದು ಅವರಿಂದಲೇ ಶುರುಮಾಡಿ ಅಂತ. ಅದೂ ಇಡೀ ಸಿಂಫನಿ ಬೇಡ. ಒಬ್ಬ ವಾದಕ, ಒಂದು ಸೋಲೋ, ಒಂದು ನಿಮಿಷ. ಅದನ್ನೇ ಬೇರೆ ಬೇರೆ ರೆಕಾರ್ಡಿಂಗ್‌ಗಳಲ್ಲಿ ಕೇಳುತ್ತ ಹೋದರೆ ಆ ಗದ್ದಲದೊಳಗೆ ಉಸಿರೆಳೆದುಕೊಳ್ಳುವ ಒಬ್ಬ ಮನುಷ್ಯ ಕೂತಿದ್ದಾನೆ ಅನ್ನುವುದು ಕಿವಿಗೆ ಬೀಳುತ್ತದೆ. ಅಷ್ಟಾದರೆ ಉಳಿದದ್ದು ತಾನಾಗಿ ಬರುತ್ತದೆ.

ಸಂಗೀತಶಾಸ್ತ್ರ ಗೊತ್ತಿರಬೇಕಾಗಿಲ್ಲ. ಸರಳೆ, ಜಂಟಿ ವರಸೆಯ ಮಟ್ಟಿಗೆ ಸ್ವರಜ್ಞಾನ ಇದ್ದರೆ ಲಾಭ, ಇಲ್ಲದಿದ್ದರೆ ನಷ್ಟವೇನಿಲ್ಲ.

ಮೊದಲು ಫೋನಿನ ಸೆಟ್ಟಿಂಗ್ ಸರಿಮಾಡಿ

ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಎಲ್ಲ ಹಾಡನ್ನೂ ಒಂದೇ ಮಟ್ಟದ ಜೋರಿಗೆ ತರುವ ‘ವಾಲ್ಯೂಮ್ ನಾರ್ಮಲೈಸೇಶನ್’ ಎಂಬುದೊಂದು ಇರುತ್ತದೆ. ಆಫ್ ಮಾಡಿ. ಒಂದು ಟ್ರ್ಯಾಕನ್ನು ಇನ್ನೊಂದರೊಳಗೆ ಬೆರೆಸುವ ‘ಕ್ರಾಸ್‌ಫೇಡ್’ ಕೂಡ ಆಫ್. ಬೇಸ್ ಬೂಸ್ಟ್ ಇದ್ದರೆ ಅದಂತೂ ಬೇಡವೇ ಬೇಡ. ಟ್ಯೂಬಾ, ಟ್ರಾಂಬೋನ್‌ಗಳ ನಿಜವಾದ ದನಿಯನ್ನು ಮೊದಲು ಕೆಡಿಸುವುದೇ ಅದು.

ವಾಲ್ಯೂಮನ್ನು ಮೆಲ್ಲಗಿನ ಜಾಗ ನೋಡಿ ಇಡಬೇಡಿ. ಅತಿ ಜೋರಿನ ಜಾಗ ಹುಡುಕಿ, ಅಲ್ಲಿ ಕಿವಿಗೆ ತಡೆಯುವಷ್ಟಕ್ಕೆ ಇಟ್ಟು, ಮತ್ತೆ ಮುಟ್ಟಬೇಡಿ. ಹಿತ್ತಾಳೆಯವರ ಅರ್ಧ ಕಸುಬು ಇರುವುದೇ ಮೆಲ್ಲನೆಯದಕ್ಕೂ ಜೋರಿನದಕ್ಕೂ ನಡುವಿನ ಅಂತರದಲ್ಲಿ.

ಹುಡುಕುವಾಗ ರಚನೆಕಾರ, ಕೃತಿ, ಕಂಡಕ್ಟರ್ (ಮೇಳವನ್ನು ಮುನ್ನಡೆಸುವವರು), ಆರ್ಕೆಸ್ಟ್ರಾ ನಾಲ್ಕನ್ನೂ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಆ್ಯಪ್ ತೋರಿಸುವ ಇಸವಿಯನ್ನು ನಂಬಬೇಡಿ. ಅದು ಬಹುತೇಕ ಮರುಬಿಡುಗಡೆಯ ವರ್ಷ. 1957ರಲ್ಲಿ ಧ್ವನಿಮುದ್ರಣವಾದದ್ದು 2004 ಎಂದು ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಆಲ್ಬಮ್ಮಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ, ಅಥವಾ ಜೊತೆಗಿರುವ ಪುಸ್ತಿಕೆ ತೆರೆದರೆ, ಅಸಲಿ ವರ್ಷ ಸಿಗುತ್ತದೆ.

ಹೆಜ್ಜೆ 1: ಹದಿಮೂರು ಸ್ವರದ ಒಂದು ಟ್ರಂಪೆಟ್

ಶುರುವಿಗೆ ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್’. ಹೌದು, ಇದು ಸಿಂಫನಿ ಅಲ್ಲ. 1874ರಲ್ಲಿ ಪಿಯಾನೋಗೆಂದು ಬರೆದ ಚಿತ್ರಮಾಲಿಕೆ. 1922ರಲ್ಲಿ ಕಂಡಕ್ಟರ್ ಕುಸೆವಿಟ್ಸ್‌ಕಿ ಕೇಳಿಕೊಂಡ ಮೇಲೆ ಫ್ರಾನ್ಸಿನ ರಾವೆಲ್ ಅದನ್ನು ಆರ್ಕೆಸ್ಟ್ರಾಗೆ ಹೊಂದಿಸಿದ. ಆದರೂ ಇಲ್ಲಿಂದಲೇ ಶುರುಮಾಡಲು ಕಾರಣವಿದೆ. ಮೊದಲ ಟ್ರ್ಯಾಕಿನ ಮೊದಲ ಕ್ಷಣದಲ್ಲೇ ಟ್ರಂಪೆಟ್ ಬರುತ್ತದೆ, ಒಂಟಿಯಾಗಿ, ಹಿಂದೆ ಮುಂದೆ ಯಾರೂ ಇಲ್ಲ. ಹುಡುಕುವ ತಾಪತ್ರಯವೇ ಇಲ್ಲ.

ಸೂಕ್ಷ್ಮವಾಗಿ ಗಮನಿಸಿ. ಷಡ್ಜ ಹಿಡಿದುಕೊಂಡು ಬರೆದರೆ ಹೀಗೆ: ದ ಪ ಸ ರಿಪ ಗ | ರಿಪ ಗ ಸ ರಿ ದ ಪ. ಮೊದಲ ಮತ್ತು ಕೊನೆಯ ‘ದ ಪ’ ಮಂದ್ರದ್ದು. ಸ ರಿ ಗ ಪ ದ, ಅಂದರೆ ಮೋಹನದ ಐದೇ ಸ್ವರ. ಹಾಗೆಂದು ರಾಗ ಹುಡುಕಲು ಹೋಗಬೇಡಿ, ಗಮಕವಿಲ್ಲದ, ರಷ್ಯನ್ ಜನಪದದ ನಡೆ ಅದು. ಆದರೆ ನಮ್ಮ ಕಿವಿಗೆ ಪರಿಚಿತವೆನಿಸಲು ಇದೇ ಕಾರಣ. ಬೆರಳಿನಲ್ಲಿ ಎಣಿಸಿ: ಮೊದಲು ಐದು, ಆಮೇಲೆ ಆರು, ಒಟ್ಟು ಹನ್ನೊಂದು ಎಣಿಕೆ. ಚಿತ್ರಪ್ರದರ್ಶನದಲ್ಲಿ ಅತ್ತಿತ್ತ ನಡೆದಾಡುವವನ ಹೆಜ್ಜೆ ಅದು, ಸಮಸಮ ಬೀಳುವುದಿಲ್ಲ. ಟ್ರಂಪೆಟ್ ಇಷ್ಟು ಹೇಳಿ ನಿಂತ ಕೂಡಲೇ ಉಳಿದ ಹಿತ್ತಾಳೆಯವರೆಲ್ಲ ಸೇರಿ ಅದನ್ನೇ ತುಂಬುದನಿಯಲ್ಲಿ ಮರಳಿ ಹೇಳುತ್ತಾರೆ. ಮತ್ತೆ ಟ್ರಂಪೆಟ್, ಮತ್ತೆ ಮೇಳ.

ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ ಸ್ವರಗಳನ್ನು ಬಿಟ್ಟು ನಡುವಿನ ಜಾಗಗಳನ್ನು ಕೇಳಿ. ವಾದಕ ಒಂದು ಸ್ವರವನ್ನು ಮುಂದಿನದಕ್ಕೆ ತಾಗಿಸುತ್ತಾನಾ, ಬಿಡಿಸುತ್ತಾನಾ? ‘ರಿಪ’ ಎಂದು ಮೇಲಕ್ಕೆ ಜಿಗಿಯುವಾಗ ಒತ್ತು ಬೀಳುವುದು ಎಲ್ಲಿ? ಕೊನೆಯ ಪಂಚಮದಲ್ಲಿ ಉಸಿರು ಕರಗುತ್ತದೋ, ಕತ್ತರಿಸಿದಂತೆ ನಿಲ್ಲುತ್ತದೋ?

ಹೆಜ್ಜೆ 2: ಅದೇ ಬಾಯಿ, ನಾಲ್ಕು ಕಾಲ

ಶಿಕಾಗೊ ಸಿಂಫನಿ ಆರ್ಕೆಸ್ಟ್ರಾದಲ್ಲಿ ಅಡಾಲ್ಫ್ ಹರ್ಸೆತ್ ಎಂಬ ಟ್ರಂಪೆಟ್ ವಾದಕರಿದ್ದರು. ಎಲ್ಲರೂ ಕರೆಯುತ್ತಿದ್ದದ್ದು ‘ಬಡ್’ ಎಂದು. 1948ರಿಂದ 2001ರವರೆಗೆ ಮೊದಲ ಟ್ರಂಪೆಟ್ಟಿನ ಕುರ್ಚಿ ಅವರದೇ. ಅರ್ಧ ಶತಮಾನಕ್ಕೂ ಹೆಚ್ಚು. ಈ ಅವಧಿಯಲ್ಲಿ ಆರ್ಕೆಸ್ಟ್ರಾ ‘ಪಿಕ್ಚರ್ಸ್’ ಅನ್ನು ಮತ್ತೆ ಮತ್ತೆ ರೆಕಾರ್ಡ್ ಮಾಡಿತು. ಕಂಡಕ್ಟರುಗಳು ಬದಲಾದರು, ಮೈಕು ಬದಲಾಯಿತು, ಕಂಪನಿ ಬದಲಾಯಿತು, ಟ್ರಂಪೆಟ್ ಹಿಡಿದವರು ಬದಲಾಗಲಿಲ್ಲ. ಹೊಸ ಕೇಳುಗರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತೋಚುವುದಿಲ್ಲ. ನಾಲ್ಕನ್ನು ಸಾಲಾಗಿ ಒಂದು ಪ್ಲೇಲಿಸ್ಟಿಗೆ ಹಾಕಿ, ಮೊದಲ ಟ್ರ್ಯಾಕ್ ಮಾತ್ರ:

ರಫಾಯೆಲ್ ಕುಬೆಲಿಕ್, 1951.
ಫ್ರಿಟ್ಸ್ ರೈನರ್, 1957.
ಕಾರ್ಲೊ ಮರಿಯಾ ಜೂಲಿನಿ, 1976.
ಗಿಯೋರ್ಗ್ ಶೋಲ್ಟಿ, 1980.

ಕುಬೆಲಿಕ್‌ನದು ಒಂದೇ ಮೈಕು ತೂಗುಹಾಕಿ ಮಾಡಿದ ಮೋನೋ ರೆಕಾರ್ಡಿಂಗ್. ಎಡಬಲ ಗೊತ್ತಾಗುವುದಿಲ್ಲ, ಆದರೆ ಟ್ರಂಪೆಟ್ ಸೀದಾ ಎದುರಿಗೆ ಬಂದು ನಿಲ್ಲುತ್ತದೆ. ರೈನರ್‌ನದು ಸ್ಟೀರಿಯೊ ಕಾಲದ ಆರಂಭದ್ದು. ಇಂದಿಗೂ ಅದರ ದನಿಯನ್ನು ಹೊಗಳುವವರಿದ್ದಾರೆ, ನಾನೂ ಒಬ್ಬ. ಇವೆರಡರ ನಡುವೆ ಒಂದು ಘಟನೆ ನಡೆಯಿತು. 1952ರಲ್ಲಿ ಹರ್ಸೆತ್ ಕಾರು ಅಪಘಾತಕ್ಕೆ ಸಿಕ್ಕಿ ಮುಂಭಾಗದ ಹಲ್ಲುಗಳನ್ನು ಕಳೆದುಕೊಂಡರು, ಕೆಳತುಟಿ ಸೀಳಿ ಹೊಲಿಗೆ ಬಿತ್ತು. ಟ್ರಂಪೆಟ್ಟಿನವರಿಗೆ ವಾದ್ಯವೆಂದರೆ ಅರ್ಧ ಲೋಹ, ಅರ್ಧ ತುಟಿ. ಹಿತ್ತಾಳೆ ವಾದ್ಯದಲ್ಲಿ ನಾದ ಹುಟ್ಟುವುದೇ ಬಟ್ಟಲಿನಾಕಾರದ ಮೌತ್‌ಪೀಸಿನೊಳಗೆ ತುಟಿ ಅದುರುವುದರಿಂದ. ನಮ್ಮ ಕೊಂಬು, ಕಹಳೆಗಳದೂ ಇದೇ ತತ್ವ. ನಾಗಸ್ವರ ಮಾತ್ರ ಬೇರೆ, ಅದರಲ್ಲಿ ಅದುರುವುದು ಜೀವಾಳಿ. ತುಟಿಯೇ ಹರಿದವರು ಹೊಸದಾಗಿ ಕಲಿತಂತೆ ಶುರುಮಾಡಿ ಅದೇ ಕುರ್ಚಿಗೆ ಮರಳಿದರು. 1951 ಮತ್ತು 1957 ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿ, ಗಾಯದ ಗುರುತು ಸಿಗುತ್ತದಾ ನೋಡಿ. ನನ್ನ ಕಿವಿಗಂತೂ ಸಿಕ್ಕಿಲ್ಲ.

ಜೂಲಿನಿಯಲ್ಲಿ ನಡಿಗೆ ನಿಧಾನ, ಗಂಭೀರ. ಶೋಲ್ಟಿಯಲ್ಲಿ ಎಲ್ಲಕ್ಕೂ ಹೊಳಪು ಹೆಚ್ಚು, ಮೈಕುಗಳೂ ಹತ್ತಿರ. ಇಲ್ಲಿ ಕಲಿಯಬೇಕಾದದ್ದು ಯಾವುದು ವಾದಕನದು, ಯಾವುದು ಕಂಡಕ್ಟರನದು, ಯಾವುದು ಮೈಕಿನದು ಎಂದು ಬಿಡಿಸಿ ನೋಡುವುದನ್ನು. ವೇಗ ಬಹುಪಾಲು ಕಂಡಕ್ಟರನದು. ದೂರ-ಹತ್ತಿರ ಎಂಬ ಭಾವ ಮೈಕಿನದು. ಸ್ವರ ಶುರುವಾಗುವ ಆ ಕ್ಷಣದ ಸ್ಪಷ್ಟತೆ, ನಾದದ ತಿರುಳು ವಾದಕನದು. ನಾಲ್ಕರಲ್ಲೂ ಬದಲಾಗದೆ ಉಳಿದದ್ದು ಏನೆಂದು ಹುಡುಕಿ. ಸಿಕ್ಕಿದ್ದೇ ಹರ್ಸೆತ್.

ಹೆಜ್ಜೆ 3: ಹಾರ್ನಿನವರ ಮೇಲೆ ಸ್ವಲ್ಪ ಕರುಣೆ

ಹಾರ್ನ್ ಸುತ್ತಿಕೊಂಡಿರುವ ಕೊಳವೆ. ಬಿಡಿಸಿ ಚಾಚಿದರೆ ಸುಮಾರು 3.7 ಮೀಟರ್. ಟ್ರಂಪೆಟ್ಟಿನದು ಒಂದೂವರೆ ಮೀಟರಿನ ಆಸುಪಾಸು. ಯಾವುದೇ ಕೊಳವೆ ಊದಿದರೂ ಎಲ್ಲ ಸ್ವರಗಳೂ ಹುಟ್ಟುವುದಿಲ್ಲ, ಅದರದೇ ಕೆಲವು ಸಹಜ ಸ್ವರಗಳು ಮಾತ್ರ ಹುಟ್ಟುತ್ತವೆ. ಏಣಿಯ ಮೆಟ್ಟಿಲಿನ ಹಾಗೆ: ಕೆಳಗೆ ದೂರ ದೂರ, ಮೇಲೆ ಹೋದಂತೆ ಹತ್ತಿರ ಹತ್ತಿರ. ಹಾರ್ನಿನ ಕೊಳವೆ ಅಷ್ಟು ಉದ್ದವಾದ್ದರಿಂದ ವಾದಕ ಸದಾ ಓಡಾಡುವುದು ಮೆಟ್ಟಿಲುಗಳು ಒತ್ತೊತ್ತಾಗಿರುವ ಮೇಲ್ಭಾಗದಲ್ಲಿ. ತುಟಿಯ ಬಿಗಿ ಕೂದಲೆಳೆಯಷ್ಟು ತಪ್ಪಿದರೆ ಪಕ್ಕದ ಸ್ವರ ಕೂಗಿಬಿಡುತ್ತದೆ. ಇದಕ್ಕೇ ಆರ್ಕೆಸ್ಟ್ರಾದಲ್ಲಿ ಹೆಚ್ಚು ಎಡವುವವರು ಹಾರ್ನಿನವರು, ಹೆಚ್ಚು ಗೌರವ ಪಡೆಯುವವರೂ ಅವರೇ. ಬೆರಳಿನಿಂದ ಒತ್ತಿ ಕೊಳವೆಯ ಉದ್ದ ಬದಲಿಸುವ ವಾಲ್ವುಗಳು 1810ರ ದಶಕದಲ್ಲಿ ಜರ್ಮನಿಯಲ್ಲಿ ಬಂದವು. ಅದಕ್ಕೆ ಮೊದಲು ಗಂಟೆಯಾಕಾರದ ಬಾಯೊಳಗೆ ಕೈಯಿಟ್ಟು ಸ್ವರ ತಿದ್ದಿಕೊಳ್ಳುವುದೊಂದೇ ದಾರಿ.

ಇದನ್ನು ತಲೆಯಲ್ಲಿಟ್ಟುಕೊಂಡು ಬ್ರಾಮ್ಸ್‌ನ ಮೊದಲ ಸಿಂಫನಿಯ ನಾಲ್ಕನೇ ಭಾಗ ಹಾಕಿ. ಆರಂಭದಲ್ಲಿ ತಡಕಾಟ, ಕತ್ತಲೆ, ಪಿಟೀಲುಗಳ ಚಿವುಟು. ಎರಡೂವರೆ ನಿಮಿಷದ ಆಸುಪಾಸಿಗೆ ಟಿಂಪನಿ ಎಂಬ ದೊಡ್ಡ ನಗಾರಿ ಗುಡುಗಿ ಅಡಗುತ್ತದೆ, ತಂತಿಗಳು ಮಂಜಿನಂತೆ ನಡುಗುತ್ತವೆ, ಮೈನರ್ ಎಂಬ ಮಂಕು ಸ್ವರಶ್ರೇಣಿ ಮೇಜರ್ ಎಂಬ ಬೆಳಕಿನದಕ್ಕೆ ತಿರುಗಿ ಹಾರ್ನ್ ಹಾಡುತ್ತದೆ: ಗ… ರಿ ಸ, ಕೆಳಗಿನ ಪ. ಆಲ್ಪ್ಸ್ ಪರ್ವತದ ಕುರಿಗಾಹಿಗಳು ಊದುವ ಉದ್ದ ಕೊಂಬಿನ ಮಟ್ಟು ಇದು. 1868ರ ಸೆಪ್ಟೆಂಬರಿನಲ್ಲಿ ಬ್ರಾಮ್ಸ್ ಇದನ್ನು ಗೆಳತಿ, ಪಿಯಾನೋ ವಾದಕಿ ಕ್ಲಾರಾ ಶೂಮನ್‌ಗೆ ಹುಟ್ಟುಹಬ್ಬದ ಶುಭಾಶಯವಾಗಿ ಬರೆದು ಕಳಿಸಿದ್ದ. ಸಿಂಫನಿ ಮೊದಲು ನುಡಿದದ್ದು 1876ರಲ್ಲಿ, ಕಾರ್ಲ್ಸ್‌ರೂಹೆಯಲ್ಲಿ. ಬ್ರಾಮ್ಸ್‌ನ ಅಪ್ಪ ಹಾರ್ನ್ ನುಡಿಸುತ್ತಿದ್ದವನು, ಮಗನೂ ಚಿಕ್ಕಂದಿನಲ್ಲಿ ಕಲಿತಿದ್ದ.

ಇಲ್ಲೊಂದು ಕಸುಬುದಾರಿಕೆ ಇದೆ. ಈ ಉದ್ದನೆಯ ಹಾಡು ಒಬ್ಬನೇ ಒಂದೇ ಉಸಿರಲ್ಲಿ ಊದಿದಂತೆ ಕೇಳಿಸುತ್ತದೆ, ನಡುವೆ ಬಿರುಕೇ ಇಲ್ಲ. ಅದು ಬ್ರಾಮ್ಸ್ ಹೂಡಿದ ಉಪಾಯ. ಮೊದಲ ಹಾರ್ನ್ ಉದ್ದ ಸ್ವರಕ್ಕೆ ಬಂದಾಗ ಎರಡನೇ ಹಾರ್ನ್ ಅದೇ ಸ್ವರದಲ್ಲಿ ಮೆಲ್ಲಗೆ ಸೇರಿಕೊಂಡು ಹಿಡಿದಿಡುತ್ತದೆ, ಅಷ್ಟರಲ್ಲಿ ಮೊದಲನೆಯವನು ಉಸಿರೆಳೆದುಕೊಂಡು ಮುಂದಿನ ಸಾಲಿಗೆ ಸಿದ್ಧ. ಹೆಡ್‌ಫೋನಿನಲ್ಲಿ ಉದ್ದ ಸ್ವರಗಳ ತುದಿಯನ್ನೇ ಹಿಂಬಾಲಿಸಿ. ಒಳ್ಳೆಯ ಜೋಡಿಯಾದರೆ ಹಸ್ತಾಂತರ ಗೊತ್ತೇ ಆಗುವುದಿಲ್ಲ. ಕೆಲವು ರೆಕಾರ್ಡಿಂಗಿನಲ್ಲಿ ನಾದದ ಬಣ್ಣ ಒಂದಿಷ್ಟೇ ಬದಲಾಗುತ್ತದೆ, ಆ ಬದಲಾವಣೆಯೇ ಎರಡನೇ ಮನುಷ್ಯ. ಹಾರ್ನ್ ಮುಗಿದ ಮೇಲೆ ಅದೇ ಮಟ್ಟನ್ನು ಕೊಳಲು ಹೇಳುತ್ತದೆ. ಅದರ ಬೆನ್ನಿಗೇ ಟ್ರಾಂಬೋನ್‌ಗಳು ಅತಿ ಮೆಲ್ಲಗೆ ಒಂದು ಪ್ರಾರ್ಥನೆಯ ಸಾಲು ನುಡಿಸುತ್ತವೆ. ಮೊದಲ ಮೂರು ಭಾಗಗಳಲ್ಲಿ ಅವರಿಗೆ ಒಂದು ಸ್ವರವೂ ಇಲ್ಲ. ಅಷ್ಟು ಹೊತ್ತು ತಣ್ಣಗೆ ಕೂತಿದ್ದ ತುಟಿಯಲ್ಲಿ ನೇರವಾಗಿ ಮೆಲುದನಿಯ ಸ್ವರ ಹುಟ್ಟಿಸುವುದು ಜೋರಾಗಿ ಊದುವುದಕ್ಕಿಂತ ಎಷ್ಟೋ ಕಷ್ಟ. ‘ಗ್ರೇಟ್ ಬ್ರಾಸ್’ ಅಂತ ಹೆಸರಿಟ್ಟು ಬರೀ ಅಬ್ಬರದ ತುಣುಕುಗಳನ್ನು ಪೋಣಿಸುವ ಸಂಕಲನಗಳ ಬಗ್ಗೆ ನನಗಿರುವ ತಕರಾರು ಇದೇ.

ಹೆಜ್ಜೆ 4: ಊರೂರಿನ ಉಚ್ಚಾರ

ಹಿಂದೆ ಆರ್ಕೆಸ್ಟ್ರಾಗಳ ಹಿತ್ತಾಳೆಯ ದನಿ ಕೇಳಿದರೆ ಯಾವ ಊರಿನದೆಂದು ಹೇಳಿಬಿಡಬಹುದಿತ್ತು. ಈಗ ಎಲ್ಲರೂ ಎಲ್ಲರನ್ನೂ ಕೇಳಿ, ಒಂದೇ ಬಗೆಯ ವಾದ್ಯ ಕೊಂಡು, ಆ ವ್ಯತ್ಯಾಸ ಸವೆದಿದೆ. ಹಳೆಯ ರೆಕಾರ್ಡಿಂಗುಗಳ ಬೆಲೆ ಇದರಿಂದಲೇ ಹೆಚ್ಚು.

ಚೈಕೋವ್‌ಸ್ಕಿಯ ಐದನೇ ಸಿಂಫನಿ, 1888ರದು. ಎರಡನೇ ಭಾಗ ತೆಗೆಯಿರಿ. ಕೆಳಗಿನ ತಂತಿವಾದ್ಯಗಳು ಒಂದು ನಿಮಿಷದೊಳಗೆ ನೆಲ ಹದಮಾಡುತ್ತವೆ, ಅದರ ಮೇಲೆ ಹಾರ್ನ್ ಸೋಲೋ. ಸಿಂಫನಿ ಸಾಹಿತ್ಯದಲ್ಲೇ ಹೆಚ್ಚು ಪ್ರಸಿದ್ಧವಾದ ಹಾರ್ನ್ ಸೋಲೋ ಇದು ಎಂದರೆ ಜಗಳಕ್ಕೆ ಯಾರೂ ಬರಲಾರರು. ಮೊದಲು ಎವ್ಗೆನಿ ಮ್ರಾವಿನ್‌ಸ್ಕಿ ಲೆನಿನ್‌ಗ್ರಾಡ್ ಫಿಲ್‌ಹಾರ್ಮೋನಿಕ್ ಜೊತೆ 1960ರಲ್ಲಿ ಮಾಡಿದ್ದನ್ನು ಕೇಳಿ. ಅಲ್ಲಿ ಹಾರ್ನ್ ನಡುಗುತ್ತದೆ, ಹಾಡುವವರ ಗಂಟಲಿನ ಕಂಪನದಂತೆ ಸ್ವರದಲ್ಲೊಂದು ಸಣ್ಣ ಅಲೆ. ಆಗಿನ ರಷ್ಯನ್ ಶೈಲಿಯೇ ಅದು, ಅವರ ಹಿರಿಯ ಹಾರ್ನ್ ವಾದಕ ವಿತಾಲಿ ಬುಯಾನೋವ್‌ಸ್ಕಿ ಆ ಪರಂಪರೆಯ ದೊಡ್ಡ ಹೆಸರು. ಇದಾದ ಮೇಲೆ ಬರ್ಲಿನ್ ಅಥವಾ ಶಿಕಾಗೊದ ಯಾವುದಾದರೂ ಒಂದು ಹಾಕಿ. ಸ್ವರ ನೇರ, ನಿಶ್ಚಲ, ದಪ್ಪ. ಯಾವುದು ಸರಿ ಎಂಬ ಪ್ರಶ್ನೆ ಬೇಡ. ಗಮಕಕ್ಕೆ ಒಗ್ಗಿದ ನಮ್ಮಲ್ಲಿ ಹಲವರಿಗೆ ಲೆನಿನ್‌ಗ್ರಾಡಿನದು ತಟ್ಟನೆ ಹಿಡಿಸುತ್ತದೆ, ಜರ್ಮನ್ ಶೈಲಿಯಲ್ಲಿ ಪಳಗಿದವರು ಅದನ್ನೇ ಕೇಳಿ ಮುಖ ಕಿವಿಚುತ್ತಾರೆ.

ಇನ್ನು ವಿಯೆನ್ನಾ. ಅಲ್ಲಿಯ ಫಿಲ್‌ಹಾರ್ಮೋನಿಕ್‌ನವರು ಇಂದಿಗೂ 19ನೇ ಶತಮಾನದ ವಿನ್ಯಾಸದ ಎಫ್ ಹಾರ್ನನ್ನೇ ಹಿಡಿಯುತ್ತಾರೆ. ಬೇರೆ ಕಡೆ ಬಹುತೇಕ ಎಲ್ಲರೂ ಎರಡು ಅಳತೆಯ ಕೊಳವೆ ಇರುವ, ಸುರಕ್ಷಿತವಾದ ಡಬಲ್ ಹಾರ್ನಿಗೆ ಬದಲಾಗಿದ್ದಾರೆ. ವಿಯೆನ್ನಾದವರದು ಕಿರಿದಾದ ಕೊಳವೆ, ಹೆಚ್ಚು ಅಪಾಯ, ಆದರೆ ಸ್ವರದಿಂದ ಸ್ವರಕ್ಕೆ ಜಾರುವಾಗ ಬೆಣ್ಣೆಯಷ್ಟು ನಯ. ಕೇಳಲು ಬ್ರುಕ್ನರ್‌ನ ನಾಲ್ಕನೇ ಸಿಂಫನಿ, ಕಾರ್ಲ್ ಬೋಮ್, 1973. ತಂತಿಗಳು ಕೇಳಿಯೂ ಕೇಳದಷ್ಟು ಮೆಲ್ಲಗೆ ನಡುಗತೊಡಗುತ್ತವೆ, ಕೆಲವೇ ಕ್ಷಣದಲ್ಲಿ ಹಾರ್ನ್: ಪ–ಸ–ಪ. ಅಷ್ಟೇ. ಪಂಚಮದಿಂದ ಕೆಳಗಿನ ಷಡ್ಜಕ್ಕಿಳಿದು ಮರಳುವುದು. ಎರಡನೇ ಕೂಗಿನಲ್ಲಿ ಮೊದಲ ಸ್ವರ ಶುದ್ಧ ದೈವತಕ್ಕೆ ಅರ್ಧ ಹೆಜ್ಜೆ ಮೇಲೇರುತ್ತದೆ. ಆ ಒಂದು ದೈವತದಿಂದ ಇಡೀ ಆಕಾಶದ ಬಣ್ಣ ತಿರುಗುವುದನ್ನು ಗಮನಿಸಿ. ಮೂರು ಸ್ವರದಲ್ಲಿ ಇಷ್ಟು ಕೆಲಸ ಮಾಡಿದವರು ಕಡಿಮೆ.

ಹೆಜ್ಜೆ 5: ಮಾಲರ್ 5, ಮೊದಲ ಅರ್ಧ ನಿಮಿಷ

ಈಗ ಮಾಲರ್‌ಗೆ ಬರಬಹುದು. ಐದನೇ ಸಿಂಫನಿ 1904ರಲ್ಲಿ ಕಲೋನ್‌ನಲ್ಲಿ ಮೊದಲು ನುಡಿಯಿತು. ಶುರುವೇ ಒಂಟಿ ಟ್ರಂಪೆಟ್: ತತತ-ತಾ, ತತತ-ತಾ. ಒಂದೇ ಸ್ವರದ ಮೇಲೆ ತಟ್ಟಿ ತಟ್ಟಿ, ಆಮೇಲೆ ಸಾಧಾರಣ ಗಾಂಧಾರಕ್ಕೇರಿ, ಅಲ್ಲಿಂದ ಮೇಲಕ್ಕೆ ಹತ್ತಿ ಇಡೀ ಆರ್ಕೆಸ್ಟ್ರಾವನ್ನು ಮೈಮೇಲೆ ಎಳೆದುಕೊಳ್ಳುತ್ತದೆ. ಇದು ಶವಯಾತ್ರೆಯ ನಡೆ. ಮಾಲರ್ ಬೆಳೆದ ಇಗ್ಲಾವು ಊರಿನಲ್ಲಿ ಸೇನೆಯ ತುಕಡಿಯಿತ್ತು, ಅದರ ಕಹಳೆ ಚಿಕ್ಕಂದಿನಿಂದ ಕಿವಿಯಲ್ಲಿ ಕೂತದ್ದು.

ಇಲ್ಲಿ ಎರಡೇ ಸಂಗತಿ ಪರೀಕ್ಷಿಸಿ. ಒಂದು, ಆ ‘ತತತ’ ಮೂರೂ ಸಮವಾಗಿವೆಯಾ, ಇಲ್ಲ ಸ್ವಲ್ಪ ಧಾವಿಸುತ್ತವೆಯಾ? ಮಿಲಿಟರಿ ಕಹಳೆಯ ರೀತಿಯಲ್ಲಿ ಕೊಂಚ ಅವಸರದಿಂದ ನುಡಿಸಬೇಕೆಂದು ಮಾಲರ್ ಪುಟದಲ್ಲೇ ಬರೆದಿಟ್ಟಿದ್ದಾನೆ. ಎಷ್ಟು ಅವಸರ ಎಂಬುದು ವಾದಕನಿಗೆ ಬಿಟ್ಟದ್ದು. ಎರಡು, ಶುರು ಎಷ್ಟು ಮೆಲ್ಲಗೆ? ಬರೆದಿರುವುದು ಮೆಲುದನಿ. ಹಲವರು ಅಲ್ಲೇ ಜೋರು ಮಾಡಿ, ಮುಂದಿನ ಏರಿಗೆ ಜಾಗವೇ ಉಳಿಸಿಕೊಳ್ಳುವುದಿಲ್ಲ.

ಇದರಲ್ಲೂ ಹರ್ಸೆತ್ ಸಿಗುತ್ತಾರೆ: ಶೋಲ್ಟಿ ಜೊತೆ 1970ರಲ್ಲಿ, ಕ್ಲಾಡಿಯೊ ಅಬಾದೊ ಜೊತೆ 1980ರಲ್ಲಿ, ಎರಡೂ ಶಿಕಾಗೊ. ಶೋಲ್ಟಿಯದು ಉಕ್ಕು, ಅಬಾದೊನದು ಉಸಿರು. ಮೂರನೆಯದಾಗಿ ಬರ್ನ್‌ಸ್ಟೈನ್ ವಿಯೆನ್ನಾದವರೊಂದಿಗೆ 1987ರಲ್ಲಿ ನುಡಿಸಿದ ನೇರ ಕಚೇರಿಯ ಮುದ್ರಣ ಇಟ್ಟುಕೊಳ್ಳಿ. ಅಲ್ಲಿ ಟ್ರಂಪೆಟ್ಟುಗಳಿಗೆ ಪಿಸ್ಟನ್ ಅಲ್ಲ, ಹಾರ್ನಿನಂತೆ ತಿರುಗುವ ರೋಟರಿ ವಾಲ್ವು. ದನಿ ಅಗಲ, ಅಂಚು ಮೆದು.

ಇದೇ ಸಿಂಫನಿಯ ಮೂರನೇ ಭಾಗದಲ್ಲಿ ಹಾರ್ನಿಗೆ ಮಾಲರ್ ಪ್ರತ್ಯೇಕ ಸಾಲೇ ಬರೆದಿದ್ದಾನೆ, ಹೆಚ್ಚುಕಮ್ಮಿ ಕಾನ್ಸೆರ್ಟೊ, ಅಂದರೆ ಒಬ್ಬ ವಾದಕನನ್ನು ಮುಂದಿಟ್ಟು ಬರೆದ ಕೃತಿಯ ಹಾಗೆ. 2002ರಲ್ಲಿ ಸೈಮನ್ ರಾಟಲ್ ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ಮುಖ್ಯ ಕಂಡಕ್ಟರ್ ಆಗಿ ಅಧಿಕಾರ ವಹಿಸಿದ ಕಚೇರಿಯಲ್ಲಿ ಅಲ್ಲಿಯ ಹಾರ್ನ್ ವಾದಕ ಸ್ಟೆಫಾನ್ ಡೋರ್ ಇದಕ್ಕಾಗಿ ವೇದಿಕೆಯ ಮುಂದೆ ಬಂದು ನಿಂತೇ ನುಡಿಸಿದರು. ವಿಡಿಯೊ ಸಿಕ್ಕರೆ ಬಿಡಬೇಡಿ.

ಹೆಜ್ಜೆ 6: ಕೆಳಗಿನ ದನಿಗಳು

ಟ್ಯೂಬಾಗೆ ಸೋಲೋ ಅಪರೂಪ. ‘ಪಿಕ್ಚರ್ಸ್’ನಲ್ಲೇ ‘ಬಿಡ್ವೊ’ ಎಂಬ ತುಣುಕಿದೆ, ಪೋಲಿಷ್ ಎತ್ತಿನ ಗಾಡಿ. ದೊಡ್ಡ ಚಕ್ರದ ಗಾಡಿ ದೂರದಿಂದ ಕಿರುಗುಟ್ಟುತ್ತ ಬಂದು, ಎದುರಿಗೆ ಭಾರವಾಗಿ ಉರುಳಿ, ದೂರವಾಗುತ್ತದೆ. ತಮಾಷೆಯೆಂದರೆ ಅಷ್ಟು ಭಾರದ ಚಿತ್ರಕ್ಕೆ ರಾವೆಲ್ ಬರೆದದ್ದು ಟ್ಯೂಬಾದ ಅತಿ ಎತ್ತರದ ಸ್ವರಗಳನ್ನು. ಫ್ರಾನ್ಸಿನ ಚಿಕ್ಕ ಟ್ಯೂಬಾ ಅವನ ಮನಸ್ಸಿನಲ್ಲಿದ್ದದ್ದು. ಅದಕ್ಕೇ ಇಂದು ಹಲವು ಆರ್ಕೆಸ್ಟ್ರಾಗಳಲ್ಲಿ ಈ ತುಣುಕಿಗೆ ಟ್ಯೂಬಾದ ತಮ್ಮನಂತಿರುವ ಯೂಫೋನಿಯಂ ಎತ್ತಿಕೊಳ್ಳುತ್ತಾರೆ. ಹಿಗ್ಗಿದ ಕೊರಳಿನ ಎಳೆತ ಕೇಳಿದರೆ ದೊಡ್ಡ ಟ್ಯೂಬಾ, ಸಲೀಸಾಗಿ ಹಾಡಿದಂತಿದ್ದರೆ ಯೂಫೋನಿಯಂ ಇರಬಹುದು. ನನಗೆ ಎಳೆತವೇ ಇಷ್ಟ, ಗಾಡಿ ಎಳೆಯುವುದು ಸಲೀಸಲ್ಲ.

ಟ್ರಾಂಬೋನಿಗೆ ಮಾಲರ್‌ನ ಮೂರನೇ ಸಿಂಫನಿ. ಎಂಟು ಹಾರ್ನುಗಳು ಒಕ್ಕೊರಲಿನಿಂದ ಕೂಗಿ ಶುರುಮಾಡುತ್ತವೆ, ಐದಾರು ನಿಮಿಷ ದಾಟಿದ ಮೇಲೆ ಟ್ರಾಂಬೋನ್ ಒಂಟಿಯಾಗಿ ಭಾಷಣಕ್ಕೆ ನಿಂತಂತೆ ಎದ್ದುಬರುತ್ತದೆ. ಯಾಶಾ ಹೋರೆನ್‌ಸ್ಟೈನ್ ಲಂಡನ್ ಸಿಂಫನಿ ಜೊತೆ 1970ರಲ್ಲಿ ಮಾಡಿದ ರೆಕಾರ್ಡಿಂಗ್ ತೆಗೆದ ಮೇಲೆ ಬೇರೆಯದು ಬೇಡವೆನ್ನಿಸುತ್ತದೆ. ಅಲ್ಲಿ ಟ್ರಾಂಬೋನ್ ಡೆನಿಸ್ ವಿಕ್. ಅವರ ಹೆಸರನ್ನು ಡಿಸ್ಕಿನ ಮೇಲೆಯೇ ಅಚ್ಚುಹಾಕಿದ್ದಾರೆ, ಆರ್ಕೆಸ್ಟ್ರಾದ ಒಳಗಿನವರಿಗೆ ಇಂಥ ಮರ್ಯಾದೆ ಸಿಗುವುದು ಕಮ್ಮಿ. ಮೂರನೇ ಭಾಗದಲ್ಲಿ ತೆರೆಮರೆಯಿಂದ ಕೇಳಿಬರುವ ಅಂಚೆಗಾಡಿಯ ಕೊಂಬಿನ ಹಾಡು ವಿಲಿಯಂ ಲ್ಯಾಂಗ್ ಟ್ರಂಪೆಟ್ಟಿನ ಜಾತಿಯ ಫ್ಲೂಗಲ್‌ಹಾರ್ನಿನಲ್ಲಿ ನುಡಿಸಿದ್ದು. ಸಿಬೇಲಿಯಸ್‌ನ ಏಳನೆಯದರಲ್ಲಿ ಟ್ರಾಂಬೋನ್ ಮಟ್ಟು ಮೂರು ಸಲ ಬರುತ್ತದೆ. ಅದನ್ನೂ ಪಟ್ಟಿಗೆ ಸೇರಿಸಿ.

ಹೆಜ್ಜೆ 7: ನುಡಿಸಿದವರು ಯಾರು?

ಬಹುತೇಕ ಆಲ್ಬಮ್ಮುಗಳಲ್ಲಿ ಕಂಡಕ್ಟರನ ಹೆಸರು ದಪ್ಪಕ್ಷರ, ಸೋಲೋ ನುಡಿಸಿದವರದು ನಾಪತ್ತೆ. ಪತ್ತೆ ಹಚ್ಚುವ ವಿಧಾನ ಸರಳ. ಧ್ವನಿಮುದ್ರಣದ ಅಸಲಿ ವರ್ಷ ಹಿಡಿಯಿರಿ. ಆ ವರ್ಷ ಆ ಆರ್ಕೆಸ್ಟ್ರಾದಲ್ಲಿ ‘ಪ್ರಿನ್ಸಿಪಲ್’, ಅಂದರೆ ಆ ವಾದ್ಯದ ಮುಖ್ಯ ವಾದಕ, ಯಾರೆಂದು ಹುಡುಕಿ, ಸೋಲೋಗಳು ಸಾಮಾನ್ಯವಾಗಿ ಅವರ ಪಾಲು. ಎರಡು ಪ್ರಿನ್ಸಿಪಲ್‌ಗಳು ಸರದಿಯಲ್ಲಿ ನುಡಿಸುವ ಕಡೆ (ಬರ್ಲಿನ್, ವಿಯೆನ್ನಾ) ಮಾತ್ರ ಖಚಿತ ಹೇಳಲಾಗದು. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನವರು ತಮ್ಮ ಕಡತಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ, ವಾದಕರು ಪೆನ್ಸಿಲಿನಲ್ಲಿ ಗೀಚಿದ ಹಾಳೆಗಳೂ ಇವೆ. ಸ್ವರಲಿಪಿ ಓದುವ ಹುಮ್ಮಸ್ಸಿದ್ದರೆ ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಬ್ರಾಮ್ಸ್, ಚೈಕೋವ್‌ಸ್ಕಿ, ಮಾಲರ್ ಎಲ್ಲ ಬಿಟ್ಟಿ ಸಿಗುತ್ತವೆ.

ಹೆಸರು ತಿಳಿಯುವುದಕ್ಕೆ ಮುಂಚೆ ಒಂದು ಆಟ ಆಡಿ. ಮನೆಯಲ್ಲಿ ಯಾರಿಗಾದರೂ ಹೇಳಿ ನಿಮ್ಮ ಪಟ್ಟಿಯನ್ನು ಕಲೆಸಿ ಹಾಕಿಸಿ, ನೀವು ಪರದೆ ನೋಡಬೇಡಿ. ಯಾವುದು ಯಾರದೆಂದು ಕಿವಿಯಿಂದಲೇ ಹೇಳಿ. ಇದು ಬರೀ ಆಟವಲ್ಲ. 1980ರಲ್ಲಿ ಮ್ಯೂನಿಕ್ ಫಿಲ್‌ಹಾರ್ಮೋನಿಕ್ ಪ್ರಿನ್ಸಿಪಲ್ ಟ್ರಾಂಬೋನ್ ಹುದ್ದೆಗೆ ಪರದೆಯ ಹಿಂದೆ ಆಡಿಷನ್ ನಡೆಸಿತು. ಆಯ್ಕೆಯಾದದ್ದು ಆ್ಯಬಿ ಕೊನಂಟ್, ಆಹ್ವಾನಪತ್ರದಲ್ಲಿ ಆಕೆಯನ್ನು ‘ಶ್ರೀ’ ಎಂದೇ ಬರೆದಿದ್ದರು. ಪರದೆಯಾಚೆ ಹೆಣ್ಣುಮಗಳೆಂದು ಗೊತ್ತಾಯಿತು. 1982ರಲ್ಲಿ ಕಂಡಕ್ಟರ್ ಚೆಲಿಬಿಡಾಕೆ ಆಕೆಯನ್ನು ಎರಡನೇ ಟ್ರಾಂಬೋನಿಗಿಳಿಸಿದ. ಕೋರ್ಟು ಹತ್ತಿ, ಉಸಿರಿನ ಶಕ್ತಿಯ ವೈದ್ಯಕೀಯ ಪರೀಕ್ಷೆಗೂ ಒಳಗಾಗಿ, ಹತ್ತು ವರ್ಷಕ್ಕೂ ಮೀರಿ ಹೋರಾಡಿ ಆಕೆ ಗೆದ್ದರು. ಕಿವಿ ಹೇಳಿದ್ದನ್ನು ಕಣ್ಣು ಒಪ್ಪದ ಕತೆ.

ನಡುವೆ ಒಂದು ಮೈಸೂರು ಕತೆ

ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾವನ್ನು ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ ಕಟ್ಟಿದ್ದು 1945ರಲ್ಲಿ. ಶುರುವಿನ ವರ್ಷಗಳಲ್ಲಿ ಅದರ ಬೆನ್ನಿಗೆ ಹಣ ನಿಂತದ್ದು ಮೈಸೂರಿನ ಜಯಚಾಮರಾಜೇಂದ್ರ ಒಡೆಯರದು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ ಅದೇ ಒಡೆಯರು ಪಿಯಾನೋದಲ್ಲೂ ಪಳಗಿದವರು. ಅರಮನೆಯಲ್ಲಿ ಅವರ ರೆಕಾರ್ಡುಗಳ ಸಂಗ್ರಹ ಇಪ್ಪತ್ತು ಸಾವಿರದಷ್ಟಿತ್ತು ಎಂದು ಅಂದಾಜು. ರಷ್ಯನ್ ರಚನೆಕಾರ ಮೆಟ್ನರ್ ತನ್ನ ಸಂಗೀತವನ್ನು ಮುದ್ರಿಸಿಡಲು ಸಾಧ್ಯವಾದದ್ದೂ ಅವರ ದುಡ್ಡಿನಿಂದ.

ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮೇಲೆ ಅವನ ‘ಫೋರ್ ಲಾಸ್ಟ್ ಸಾಂಗ್ಸ್’ ಮೊದಲು ಕೇಳಿದ್ದು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಕಂಡಕ್ಟರ್ ಫುರ್ಟ್‌ವೆಂಗ್ಲರ್, ಆರ್ಕೆಸ್ಟ್ರಾ ಫಿಲ್‌ಹಾರ್ಮೋನಿಯಾ. ಅದಕ್ಕೆ ಹಣದ ಭರವಸೆ ಕೊಟ್ಟು, ರೆಕಾರ್ಡ್ ಮಾಡಿಸಿ, ಡಿಸ್ಕುಗಳನ್ನು ಮೈಸೂರಿಗೆ ತರಿಸಿಕೊಂಡವರು ಒಡೆಯರು. ಅದರಲ್ಲಿ ‘ಸೆಪ್ಟೆಂಬರ್’ ಎಂಬ ಹಾಡು ಮುಗಿಯುವುದು ಹಾರ್ನ್ ಸೋಲೋದಲ್ಲಿ. ಸ್ಟ್ರಾಸ್‌ನ ಅಪ್ಪ ಮ್ಯೂನಿಕ್ಕಿನ ಹೆಸರಾಂತ ಹಾರ್ನ್ ವಾದಕ. ಫಿಲ್‌ಹಾರ್ಮೋನಿಯಾದ ಪ್ರಿನ್ಸಿಪಲ್ ಹಾರ್ನ್ ಆಗ ಡೆನ್ನಿಸ್ ಬ್ರೇನ್. 1957ರಲ್ಲಿ ಮೂವತ್ತಾರನೇ ವಯಸ್ಸಿಗೆ ಕಾರು ಅಪಘಾತದಲ್ಲಿ ತೀರಿಹೋದ ಆತನನ್ನು ಹಾರ್ನಿನವರು ಇಂದಿಗೂ ಮೊದಲು ನೆನೆಯುತ್ತಾರೆ.

ಮೇ 22ರ ಆ ಮುದ್ರಣ ಈಗಲೂ ಸಿಗುತ್ತದೆ. ದನಿ ಕೆಟ್ಟದಾಗಿದೆ, ಕರಕರ ಸದ್ದು ವಿಪರೀತ, ಹೊಸಬರು ಇದರಿಂದ ಶುರುಮಾಡಬಾರದು. ಬ್ರೇನ್‌ನ ದನಿ ಸ್ವಚ್ಛವಾಗಿ ಬೇಕಿದ್ದರೆ ಕಂಡಕ್ಟರ್ ಕಾರಾಯನ್ ಜೊತೆ 1953ರಲ್ಲಿ ಮಾಡಿದ ಮೊಜಾರ್ಟನ ಹಾರ್ನ್ ಕಾನ್ಸೆರ್ಟೊಗಳಿವೆ.

ಹೆಜ್ಜೆ 8: ಕಣ್ಣೆದುರು ಕೇಳಿ

ಎಷ್ಟೇ ಒಳ್ಳೆಯ ಹೆಡ್‌ಫೋನ್ ಆದರೂ ಹಿತ್ತಾಳೆ ಗಾಳಿಯನ್ನು ತಳ್ಳುವ ರಭಸ ಅದರಲ್ಲಿ ಬರುವುದಿಲ್ಲ. ದಸರೆಯ ಹೊತ್ತಿಗೆ ಮೈಸೂರಿನಲ್ಲಿದ್ದರೆ ಪೊಲೀಸ್ ಬ್ಯಾಂಡ್ ಕಾರ್ಯಕ್ರಮಕ್ಕೆ ಹೋಗಿ. ಮದುವೆಯ ಬ್ಯಾಂಡ್‌ಸೆಟ್ ಬೀದಿಯಲ್ಲಿ ಸಾಗಿದರೂ ಸರಿ, ಟ್ರಂಪೆಟ್ ಮತ್ತು ಯೂಫೋನಿಯಂ ಪಕ್ಕ ನಿಂತು ಎರಡು ನಿಮಿಷ ಕೇಳಿ. ಅದಾದ ಮೇಲೆ ರೆಕಾರ್ಡಿಂಗಿನಲ್ಲಿ ಏನು ಕಳೆದಿದೆ ಎಂದು ಕಿವಿಯೇ ತುಂಬಿಕೊಳ್ಳುತ್ತದೆ. ಫ್ರಾಂಕ್‌ಫರ್ಟ್ ರೇಡಿಯೊ ಸಿಂಫನಿಯವರು ಯೂಟ್ಯೂಬಿನಲ್ಲಿ ಪೂರ್ತಿ ಸಿಂಫನಿಗಳನ್ನು ಉಚಿತವಾಗಿ ಹಾಕುತ್ತಾರೆ. ಕ್ಯಾಮೆರಾ ಸೋಲೋ ಶುರುವಾಗುವ ಮೊದಲೇ ವಾದಕರ ಕಡೆ ತಿರುಗುತ್ತದೆ, ಅವರು ಉಸಿರು ತುಂಬಿಕೊಳ್ಳುವುದು ಕಾಣುತ್ತದೆ.

ನಿಜವಾದ ಸಿಂಫನಿ ಕೇಳಲು ನಮಗೆ ಹತ್ತಿರದ್ದು ಮುಂಬೈನ ಎನ್‌ಸಿಪಿಎ ಕಲಾಕೇಂದ್ರ. ಅಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಕಾರ್ಯಕ್ರಮದ ಪಟ್ಟಿಯಲ್ಲಿ ಬ್ರಾಮ್ಸ್ 1 ಅಥವಾ ಚೈಕೋವ್‌ಸ್ಕಿ 5 ಕಂಡರೆ ರೈಲು ಬುಕ್ ಮಾಡಿ. ಟಿಕೆಟ್ ಕೊಳ್ಳುವಾಗ ಮುಂದಿನ ಸಾಲಿಗೆ ದುಡ್ಡು ಸುರಿಯಬೇಡಿ, ಅಲ್ಲಿಂದ ಪಿಟೀಲಿನವರ ಬೂಟು ಬಿಟ್ಟರೆ ಏನೂ ಕಾಣುವುದಿಲ್ಲ. ಬಾಲ್ಕನಿ ತೆಗೆದುಕೊಳ್ಳಿ. ಅಗ್ಗವೂ ಹೌದು, ಹಿಂದಿನ ಸಾಲು ಪೂರ್ತಿ ಕಾಣುತ್ತದೆ.

ಇನ್ನೊಂದು. ನಮ್ಮ ಕಚೇರಿಗಳಲ್ಲಿ ಒಳ್ಳೆಯ ಸಂಗತಿ ಬಿದ್ದ ಕೂಡಲೇ ‘ಭೇಷ್’ ಎನ್ನುತ್ತೇವೆ, ತನಿ ಮುಗಿದರೆ ಚಪ್ಪಾಳೆ. ಅಲ್ಲಿ ಹಾರ್ನ್ ಎಷ್ಟೇ ಚೆನ್ನಾಗಿ ಹಾಡಿದರೂ ಸೋಲೋ ಮುಗಿದಾಗ ಕೈ ತಟ್ಟುವಂತಿಲ್ಲ, ಭಾಗ ಮುಗಿದಾಗಲೂ ಇಲ್ಲ. ಪೂರ್ತಿ ಮುಗಿದು ಕಂಡಕ್ಟರ್ ಒಂದೆರಡು ಸಲ ಬಾಗಿದ ಮೇಲೆ, ಆರ್ಕೆಸ್ಟ್ರಾದೊಳಗೆ ಕೈಚಾಚಿ ಒಬ್ಬೊಬ್ಬರನ್ನೇ ಎಬ್ಬಿಸುತ್ತಾನೆ. ಚೈಕೋವ್‌ಸ್ಕಿ 5 ಆದರೆ ಮೊದಲು ಏಳುವುದು ಸಾಮಾನ್ಯವಾಗಿ ಹಾರ್ನಿನವರು. ಅಲ್ಲಿಯವರೆಗೆ ತಡೆದಿಟ್ಟ ಚಪ್ಪಾಳೆ, ಬೇಕಿದ್ದರೆ ಒಂದು ಭೇಷ್ ಕೂಡ, ಆಗ ಹಾಕಿ.